ಗಂಟೆಗೆ ಎಷ್ಟು ಪೀಸು? ಗಾರ್ಮೆಂಟ್ಸ್ ಟಾರ್ಗೆಟ್ ಬಂದ ದಾರಿ

ಪೀಣ್ಯವಿರಲಿ, ಬೊಮ್ಮನಹಳ್ಳಿಯಿರಲಿ, ಮದ್ದೂರಿರಲಿ, ಗಾರ್ಮೆಂಟ್ಸ್ ಒಳಗೆ ಹೋದರೆ ಲೈನಿನ ತುದಿಯಲ್ಲೊಂದು ಬೋರ್ಡು ಕಾಣುತ್ತದೆ. ಒಂದು ಕಡೆ ಗಂಟೆ, ಪಕ್ಕದಲ್ಲಿ ಟಾರ್ಗೆಟ್, ಅದರ ಪಕ್ಕ ಆಗಿದ್ದೆಷ್ಟು. ಸೂಪರ್‌ವೈಸರ್ ಬೈಗುಳ, ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಲ್ಲ ಎಂದು ಬಾಟಲಿ ಮುಟ್ಟದ ಹೆಂಗಸರು, ಉರಿಮೂತ್ರ, ಎಲ್ಲದರ ಬೇರು ಆ ನಡುವಿನ ಅಂಕಣದಲ್ಲಿದೆ.

ಆ ಅಂಕಿ ಹುಟ್ಟುವುದು ಹೀಗೆ. ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದವರು ಸ್ಟಾಪ್‌ವಾಚ್ ಹಿಡಿದು ಕಾಲರ್ ಕೂರಿಸುವಂಥ ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಾರೆ. ಹೊಲಿಯುವವಳ ಕೈವೇಗಕ್ಕೆ ರೇಟಿಂಗ್ ಹಾಕಿ, ದಣಿವು, ದಾರ ಕಡಿಯುವುದು ಇತ್ಯಾದಿಗೆ ಒಂದಿಷ್ಟು ಸೇರಿಸಿದರೆ ಬರುವುದು ಎಸ್‌ಎಎಂ, ಅಂದರೆ ಆ ಕೆಲಸಕ್ಕೆ ಕೊಟ್ಟ ನಿಮಿಷಗಳ ಲೆಕ್ಕ. ಇಡೀ ಶರ್ಟಿಗೆ 20 ನಿಮಿಷ ಎಂದಿಟ್ಟುಕೊಳ್ಳಿ. ಲೈನಿನಲ್ಲಿ 40 ಟೈಲರ್‌ಗಳಿದ್ದರೆ ಗಂಟೆಗೆ 2,400 ನಿಮಿಷ, ಅಂದರೆ 120 ಶರ್ಟು. ಅಷ್ಟು ಆಗುವುದಿಲ್ಲವೆಂದು 60 ಪರ್ಸೆಂಟ್ ಎಫಿಷಿಯೆನ್ಸಿ ಹಿಡಿದರೆ 72.

ಲೆಕ್ಕ ತಪ್ಪಿಲ್ಲ. ಎಡವಟ್ಟಾಗುವುದು ಆಮೇಲೆ. ನಾಲ್ವರು ರಜೆ ಹಾಕಿದ ದಿನ ಅದೇ ಲೆಕ್ಕದಲ್ಲಿ 64 ಬರೆಯಬೇಕು. ಬೋರ್ಡಿನಲ್ಲಿ ಮಾತ್ರ 72 ಇರುತ್ತದೆ. ಹೊಸ ಸ್ಟೈಲ್ ಬಂದಾಗ ಕೈ ಕೂರಲು ಕೆಲವು ದಿನ ಬೇಕು, ಟಾರ್ಗೆಟ್ ಅಷ್ಟು ದಿನ ಕಾಯುವುದು ಕಡಿಮೆ. ಸೂಜಿಯದು ಇನ್ನೊಂದು ಕಥೆ. ಮುರಿದರೆ ಒಂದು ಚೂರೂ ಬಿಡದೆ ಹುಡುಕಿ ರಿಜಿಸ್ಟರಿಗೆ ಅಂಟಿಸಬೇಕು, ಆಮೇಲಷ್ಟೇ ಹೊಸ ಸೂಜಿ. ಬಟ್ಟೆಯೊಳಗೆ ಲೋಹ ಉಳಿಯಬಾರದೆಂಬ ಈ ನಿಯಮ ಸರಿಯಾದದ್ದೇ. ಆದರೆ ಹುಡುಕಾಟಕ್ಕೆ ಹತ್ತು ನಿಮಿಷ ಹೋದರೆ 12 ಪೀಸು ಅವಳ ಮೆಷಿನ್ ಮುಂದೆ ಪೇರಿಸಿಕೊಳ್ಳುತ್ತವೆ, ಅವಳ ನಂತರದವಳು ಪೀಸಿಲ್ಲದೆ ಕೈಕಟ್ಟಿ ಕೂರುತ್ತಾಳೆ, ಬೈಗುಳ ಇಬ್ಬರಿಗೂ. ಅವಸರಕ್ಕೆ ಹೊಲಿಗೆ ಕೆಟ್ಟರೆ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಆಲ್ಟರ್ ಮಾಡುವ ಹೊತ್ತು ಯಾವ ಅಂಕಣದಲ್ಲೂ ಇಲ್ಲ.

ಈ ಸ್ಟಾಪ್‌ವಾಚ್ ಅಮೆರಿಕದ ಉಕ್ಕಿನ ಕಾರ್ಖಾನೆಗಳಿಂದ ಬಂದದ್ದು. ಫ್ರೆಡರಿಕ್ ಟೇಲರ್ 1880ರ ದಶಕದಲ್ಲಿ ಮಿಡ್‌ವೇಲ್‌ನಲ್ಲಿ ಇದನ್ನು ಶುರುಮಾಡಿದ. ಕೆಲಸವನ್ನು ಯೋಚಿಸುವವರು ಬೇರೆ, ಮಾಡುವವರು ಬೇರೆ ಎಂಬುದು ಅವನ ಪದ್ಧತಿಯ ತಿರುಳು. 1911ರಲ್ಲಿ ವಾಟರ್‌ಟೌನ್‌ನ ಸೇನಾ ಶಸ್ತ್ರ ಕಾರ್ಖಾನೆಯಲ್ಲಿ ಲೋಹದ ಎರಕಕ್ಕೆ ಅಚ್ಚು ಮಾಡುವವರು ಗಡಿಯಾರದ ಮುಂದೆ ದುಡಿಯುವುದಿಲ್ಲ ಎಂದು ಹೊರನಡೆದರು. ವಿಷಯ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ವರೆಗೆ ಹೋಗಿ, 1915ರಲ್ಲಿ ಸೇನಾ ಕಾರ್ಖಾನೆಗಳ ಅನುದಾನದಲ್ಲಿ ಸ್ಟಾಪ್‌ವಾಚಿಗೆ ನಿಷೇಧ ಬಿತ್ತು. ಖಾಸಗಿಯವರಿಗೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.

ಎಂಬಿಎ ಪಾಠದಲ್ಲಿ ಇದಾದ ಮೇಲೆ ತಪ್ಪದೆ ಬರುವುದು ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಕೆಲಸಗಾರರ ಮೇಲೆ ನಡೆದ ಹಾಥಾರ್ನ್ ಪ್ರಯೋಗ. ಗಾರ್ಮೆಂಟ್ಸಿನವರು ಓದಬೇಕಾದದ್ದು ಅದಲ್ಲ, ವರ್ಜೀನಿಯಾದ ಹಾರ್ವುಡ್ ಪೈಜಾಮಾ ಕಾರ್ಖಾನೆಯದು. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಅದನ್ನು 1948ರಲ್ಲಿ ಪ್ರಕಟಿಸಿದರು. ಇಸ್ತ್ರಿ ಮಾಡುವವರ ಒಂದು ಗುಂಪು ಪೈಜಾಮಾಗಳನ್ನು ರಟ್ಟಿನ ಮೇಲೆ ಜೋಡಿಸುತ್ತಿತ್ತು. ಇನ್ನು ಡಬ್ಬಿಯಲ್ಲಿ ಜೋಡಿಸಿ ಎಂದರು. ಬದಲಾವಣೆ ಇಷ್ಟೇ. ಕಾರಣ ವಿವರಿಸಿದರು, ಹೊಸ ಪೀಸ್ ರೇಟು ಹೇಳಿದರು, ಆದರೆ ಇವರನ್ನು ಕೇಳಲಿಲ್ಲ. ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ, 40 ದಿನದಲ್ಲಿ 17 ಪರ್ಸೆಂಟ್ ಜನ ಕೆಲಸ ಬಿಟ್ಟರು. ಬೇರೆ ಗುಂಪುಗಳ ಜೊತೆ ಎಲ್ಲರೂ ಕೂತು ಹೊಸ ವಿಧಾನ, ಹೊಸ ರೇಟು ಎರಡನ್ನೂ ರೂಪಿಸಿದರು. ಅಲ್ಲಿ ಉತ್ಪಾದನೆ ಮೊದಲಿಗಿಂತ ಸುಮಾರು 14 ಪರ್ಸೆಂಟ್ ಮೇಲೆ ನಿಂತಿತು, ಒಬ್ಬರೂ ಬಿಡಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದರ ಬಾಲ: ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನೇ ತಿಂಗಳುಗಳ ನಂತರ ಈ ರೀತಿಯಲ್ಲಿ ಬೇರೆ ಕೆಲಸಕ್ಕೆ ಹಾಕಿದಾಗ ಅವರೂ ಬೇಗ ಚೇತರಿಸಿಕೊಂಡರು. ‘ಇವರ ಆಟಿಟ್ಯೂಡೇ ಸರಿಯಿಲ್ಲ’ ಎಂದು ಫೈಲು ಮುಚ್ಚುವ ಎಚ್‌ಆರ್‌ಗಳಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ ಇದನ್ನು ಸೂತ್ರಕ್ಕಿಳಿಸಿದ: ಬರೀ ಕೆಲಸದ ಹೊರೆಯಲ್ಲ, ಹೊರೆ ಹೆಚ್ಚಿದ್ದು ಅದರ ಮೇಲೆ ಹಿಡಿತವಿಲ್ಲದಿರುವುದೇ ಜನರನ್ನು ಹಣ್ಣು ಮಾಡುತ್ತದೆ.

ಲೈನಿನ ಹೆಂಗಸಿನ ಕೈಯಲ್ಲಿದ್ದ ಹಿಡಿತ ಒಂದೇ, ಕೆಲಸ ಬಿಡುವುದು. ಬಿಟ್ಟು ಎರಡು ತಿಂಗಳು ಕಾದರೆ ಪಿಎಫ್ ಪೂರ್ತಿ ಕೈಗೆ ಬರುತ್ತಿತ್ತು. ಸ್ಕೂಲ್ ಫೀಸು, ಮದುವೆ, ಕೈಸಾಲ ಅದರಲ್ಲೇ ತೀರಬೇಕು. ಆಮೇಲೆ ಪಕ್ಕದ ಫ್ಯಾಕ್ಟರಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಂಗಸರು ಹೊಸೂರು ರಸ್ತೆಗಿಳಿದು ಕೂತರು. ಮರುದಿನ ಪೀಣ್ಯದ ಕಡೆಗೂ ಹಬ್ಬಿತು, ಬಸ್ಸುಗಳು ಉರಿದವು, ಲಾಠಿ ಬೀಸಿತು. ಅದೇ ಸಂಜೆಯೊಳಗೆ ಆದೇಶ ವಾಪಸಾಯಿತು.