16 ಗಿಗಾಓಮ್ ಎಲ್ಲಿಂದ ತರುವುದು?

1 ಹರ್ಟ್ಸ್‌ಗಿಂತ ಮೇಲಿನ ಆವರ್ತನಗಳನ್ನು ತಡೆಯುವ ಫಿಲ್ಟರ್ ಬೇಕಿದ್ದರೆ ಸರ್ಕ್ಯೂಟ್ ಬೋರ್ಡಿನ ಮೇಲೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮತ್ತು ಸುಮಾರು 160 ಕಿಲೊಓಮ್ ರೆಸಿಸ್ಟರ್ ಸಾಕು. ಅದೇ ಕೆಪಾಸಿಟರನ್ನು ಚದರ ಮೈಕ್ರಾನಿಗೆ 1 ಫೆಮ್ಟೊಫ್ಯಾರಡ್ ಹಿಡಿಯುವ ಸಿಲಿಕಾನ್ ಪದರಗಳಲ್ಲಿ ಕಟ್ಟಹೊರಟರೆ ಅದೊಂದಕ್ಕೇ 1,000 ಚದರ ಮಿಲಿಮೀಟರ್ ಜಾಗ ಬೇಕಾಗುತ್ತದೆ. ಎರಡರ ಗುಣಲಬ್ಧ ಬದಲಾಗುವಂತಿಲ್ಲವಾದ್ದರಿಂದ, ಕೆಪಾಸಿಟರನ್ನು 10 ಪಿಕೊಫ್ಯಾರಡ್‌ಗೆ ಇಳಿಸಿದರೆ ರೆಸಿಸ್ಟರ್ 16 ಗಿಗಾಓಮ್‌ಗೆ ಏರುತ್ತದೆ. ಹೃದಯ, ಮೆದುಳುಗಳ ನಿಧಾನಗತಿಯ ಸಂಕೇತ ಹಿಡಿಯುವ ಚಿಪ್‌ಗಳ ವಿನ್ಯಾಸಕರನ್ನು ಇಂದಿಗೂ ಕಾಡುತ್ತಿರುವುದು ಈ ಲೆಕ್ಕವೇ.

1915ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಮತ್ತು ಜರ್ಮನಿಯ ವಾಗ್ನರ್ ಎಂಬ ಎಂಜಿನಿಯರ್‌ಗಳು ಬೇರೆಬೇರೆಯಾಗಿ ರೂಪಿಸಿದ ಫಿಲ್ಟರ್‌ಗಳಲ್ಲಿದ್ದ ತಂತಿ ಸುರುಳಿಯನ್ನು ವರ್ಧಕವನ್ನು ಬಳಸುವ 1955ರ ಸ್ಯಾಲನ್-ಕೀ ಬಗೆಯ ಮಂಡಲಗಳು ಅನಗತ್ಯಗೊಳಿಸಿದವು. ದೊಡ್ಡ ಕೆಪಾಸಿಟರ್ ಮಾತ್ರ ಉಳಿದೇ ಹೋಯಿತು. 1977ರ ಹೊತ್ತಿಗೆ ಚಿಪ್ಪಿಗಿಳಿದ ಸ್ವಿಚ್ಡ್ ಕೆಪಾಸಿಟರ್ ತಂತ್ರದಲ್ಲಿ ಸೆಕೆಂಡಿಗೆ 1 ಲಕ್ಷ ಸಲ ತುಂಬಿ ಬರಿದಾಗುವ 1 ಪಿಕೊಫ್ಯಾರಡ್, 10 ಮೆಗಾಓಮ್ ರೆಸಿಸ್ಟರಿನಂತೆ ವರ್ತಿಸುತ್ತದೆ. ದೂರವಾಣಿಯ 3,400 ಹರ್ಟ್ಸ್‌ಗೆ ಇದು ಹೇಳಿ ಮಾಡಿಸಿದಂತಿತ್ತು. 1 ಹರ್ಟ್ಸ್‌ಗಾದರೆ ಈ ತುಂಬಿ ಬರಿದಾಗುವ ವೇಗವನ್ನು ನಿಗದಿಪಡಿಸುವ ಕ್ಲಾಕನ್ನು ಕೆಲವು ನೂರು ಹರ್ಟ್ಸ್‌ಗೆ ಇಳಿಸಬೇಕು. ಆಗ ಸ್ವಿಚ್ಚುಗಳ ಸೋರಿಕೆ ಕೆಪಾಸಿಟರಿನ ವಿದ್ಯುದಂಶವನ್ನು ತಿನ್ನುತ್ತದೆ, ಕ್ಲಾಕಿನ ಅರ್ಧಕ್ಕಿಂತ ಮೇಲಿನ ಆವರ್ತನಗಳು ಮಡಿಚಿ ಕೆಳಗೆ ಬೀಳದಂತೆ ತಡೆಯಲು ಅದಕ್ಕೂ ಮೊದಲು ಇನ್ನೊಂದು ಅನಲಾಗ್ ಫಿಲ್ಟರ್ ಬೇಕಾಗುತ್ತದೆ.

ಕ್ಲಾಕನ್ನೇ ಕೈಬಿಟ್ಟವರು ವೋಲ್ಟೇಜನ್ನು ಕರೆಂಟಾಗಿಸುವ ಟ್ರಾನ್ಸ್‌ಕಂಡಕ್ಟರಿನತ್ತ ಹೊರಳಿದರು. 10 ಪಿಕೊಫ್ಯಾರಡ್ ಜೊತೆ 1 ಹರ್ಟ್ಸ್ ಸಿಗಬೇಕಾದರೆ ಟ್ರಾನ್ಸ್‌ಕಂಡಕ್ಟೆನ್ಸ್, ಅಂದರೆ ಒಂದು ವೋಲ್ಟಿಗೆ ಸಿಗುವ ಕರೆಂಟ್, ಕೇವಲ 63 ಪಿಕೊಸೀಮೆನ್ಸ್ ಇರಬೇಕು. ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಯದ ಸಬ್‌ಥ್ರೆಶೋಲ್ಡ್ ಸ್ಥಿತಿಯಲ್ಲಿ ನೇರವಾಗಿ ಬಳಸಿದರೆ ಹರಿಯಬೇಕಾದ ಕರೆಂಟ್ ಸುಮಾರು 2 ಪಿಕೊಆಂಪಿಯರ್, ಅಂದರೆ ಬಿಸಿಯೇರಿದ ಚಿಪ್ಪಿನಲ್ಲಿ ಸೋರಿಕೆಯೇ ನುಂಗಿಹಾಕಬಲ್ಲಷ್ಟು. ಹಾಗಾಗಿ ದೊಡ್ಡ ಕರೆಂಟನ್ನು ಹರಿಸಿ ಅದರ ಸಣ್ಣ ಪಾಲನ್ನಷ್ಟೇ ಬಳಸುವ, ಅಥವಾ ಎರಡು ಕರೆಂಟ್‌ಗಳನ್ನು ಕಳೆದು ಉಳಿಕೆಯನ್ನು ಹಿಡಿಯುವ ಉಪಾಯಗಳು ಬಂದವು. ಕಳೆಯುವಾಗ ಸಂಕೇತ ಕುಗ್ಗಿದಷ್ಟು ಗದ್ದಲ (ನಾಯ್ಸ್) ಕುಗ್ಗುವುದಿಲ್ಲ ಎಂಬ ಕಹಿ ಸತ್ಯವೂ ಅವುಗಳ ಬೆನ್ನಿಗೇ ಬಂತು.

2003ರಲ್ಲಿ ಹ್ಯಾರಿಸನ್ ಮತ್ತು ಚಾರ್ಲ್ಸ್ ಪ್ರಕಟಿಸಿದ ನರಸಂಕೇತ ವರ್ಧಕ ಎಲ್ಲರ ಕಣ್ಣು ಸೆಳೆಯಿತು. ಡಯೋಡಿನಂತೆ ಜೋಡಿಸಿದ ಟ್ರಾನ್ಸಿಸ್ಟರ್‌ಗಳನ್ನೇ ಮಹಾ ರೆಸಿಸ್ಟರಾಗಿಸಿ ಅವರು ವರ್ಧಕ ಹಾಯಿಸುವ ಆವರ್ತನದ ಕೆಳಮಿತಿಯನ್ನು 0.025 ಹರ್ಟ್ಸ್‌ಗೆ ಮುಟ್ಟಿಸಿದ್ದರು. ಇದಕ್ಕೆ ಸ್ಯೂಡೊ ರೆಸಿಸ್ಟರ್ ಎಂಬ ಹೆಸರು ತಕ್ಕುದೇ, ಏಕೆಂದರೆ ಇದರ ಮೌಲ್ಯ ವೋಲ್ಟೇಜ್, ತಾಪಮಾನ, ತಯಾರಿಕೆಯ ಏರಿಳಿತಗಳಿಗೆ ತಕ್ಕಂತೆ ಹಲವು ಪಟ್ಟು ಬದಲಾಗುತ್ತದೆ. ಬದಲಾಗದ ವೋಲ್ಟೇಜನ್ನು (ಡಿಸಿ) ತಡೆದರೆ ಸಾಕಾದಲ್ಲಿ ಅದು ಕ್ಷಮ್ಯ. ಕಟ್‌ಆಫ್, ಅಂದರೆ ಫಿಲ್ಟರ್ ತಡೆಯತೊಡಗುವ ಆವರ್ತನ, ನಿಖರವಾಗಿರಬೇಕಾದಲ್ಲಿ ಅಲ್ಲ. ಆ ನಂತರದ ಎಷ್ಟೋ ವಿನ್ಯಾಸಗಳ ವರದಿಯಲ್ಲಿ ಒಂದು ಚಿಪ್ಪಿನ ಕಟ್‌ಆಫ್ ಇರುತ್ತದೆ, ಹತ್ತು ಚಿಪ್ಪುಗಳ ನಡುವಿನ ವ್ಯತ್ಯಾಸ ಇರುವುದಿಲ್ಲ. 0.025 ಹರ್ಟ್ಸ್ ಎಂದರೆ 6 ಸೆಕೆಂಡುಗಳ ಕಾಲಸ್ಥಿರಾಂಕ, ಒಮ್ಮೆ ಅಂಕೆ ಮೀರಿದ ವರ್ಧಕ ತಹಬಂದಿಗೆ ಬರುವವರೆಗೆ ಕಾಯಬೇಕೆಂಬುದೂ ಅಡಿಟಿಪ್ಪಣಿಗೇ ಸರಿಯುತ್ತದೆ.

ರೆಸಿಸ್ಟರ್ ಎಷ್ಟೇ ಬೆಳೆದರೂ ಕೆಪಾಸಿಟರನ್ನು ಮನಬಂದಷ್ಟು ಕಿರಿದಾಗಿಸುವಂತಿಲ್ಲ. ಅದರ ಉಷ್ಣ ಗದ್ದಲ 10 ಪಿಕೊಫ್ಯಾರಡ್‌ನಲ್ಲಿ 20 ಮೈಕ್ರೊವೋಲ್ಟ್, 1 ಪಿಕೊಫ್ಯಾರಡ್‌ನಲ್ಲಿ 64. ನೆತ್ತಿಯ ಮೇಲೆ ಸಿಗುವ ಮೆದುಳಿನ ಸಂಕೇತವೇ ಕೆಲವು ಹತ್ತು ಮೈಕ್ರೊವೋಲ್ಟ್. ಸೋಸುವ ಮೊದಲೇ ಸಂಕೇತವನ್ನು ವರ್ಧಿಸಿಕೊಳ್ಳಬಹುದು, ಸೋಸುವುದನ್ನು ಡಿಜಿಟಲ್ ಭಾಗಕ್ಕೂ ಬಿಡಬಹುದು. ಆದರೆ ಎಲೆಕ್ಟ್ರೋಡಿನಿಂದ ಬರುವ ಡಿಸಿಯು ವರ್ಧಕವನ್ನು ಮುಳುಗಿಸದಂತೆ ಅದನ್ನು ಅಳೆದು ಕಳೆಯುವ ಸರ್ವೊ ಲೂಪನ್ನು ಅನಲಾಗ್ ಆಗಿಯೇ ಕಟ್ಟಿದರೆ, ಅದರೊಳಗೆ ಸಂಕೇತವನ್ನು ಕೂಡಿಸುತ್ತ ಹೋಗುವ ಇಂಟಿಗ್ರೇಟರ್ ಮತ್ತೆ ಅದೇ ಗಿಗಾಓಮ್‌ಗಳನ್ನು ಕೇಳುತ್ತದೆ.