ಸಾಫ್ಟನರ್ ನೀರಲ್ಲಿ ತೊಳೆದರೂ ಕಾರಿನ ಮೇಲೆ ಬಿಳಿ ಚುಕ್ಕೆ ಏಕೆ?

ಪ್ರಶ್ನೆ: ಬೋರ್‌ವೆಲ್ ನೀರು ತುಂಬಾ ಗಡಸು ಅಂತ ಮನೆಗೆ ಸಾಫ್ಟನರ್ ಹಾಕಿಸಿದ್ದೇವೆ. ಆದರೂ ಕಾರು ತೊಳೆದು ಒಣಗಿದ ಮೇಲೆ ಬಾನೆಟ್ ತುಂಬ ಬಿಳಿ ಚುಕ್ಕೆ. ಕಾರು ಕಪ್ಪು ಬಣ್ಣದ್ದು. ಸಾಫ್ಟನರ್ ಕೆಟ್ಟಿದೆಯೇ? ಆರ್‌ಒ ನೀರಲ್ಲೇ ತೊಳೆಯಬೇಕೇ?

ಬೇಸಿಗೆ ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಉತ್ತರ ಪ್ರತಿ ಸಲವೂ ಅದೇ. ನಿಮ್ಮ ಸಾಫ್ಟನರ್ ಕೆಟ್ಟಿಲ್ಲ. ಕಲೆ ತಡೆಯುವುದು ಅದರ ಕೆಲಸವೇ ಅಲ್ಲ. ಇಡೀ ಕಾರನ್ನು ಆರ್‌ಒ ನೀರಲ್ಲಿ ತೊಳೆಯುವುದೂ ಬೇಡ. ಕೊನೆಯ ಸಲ ಜಾಲಿಸುವುದಕ್ಕೆ ಉಪ್ಪಿನಂಶ ಇಲ್ಲದ ನೀರು ಹತ್ತು ಲೀಟರ್ ಇದ್ದರೆ ಸಾಕು.

ಆದರೆ ‘ಸಾಫ್ಟನರ್ ಹಾಕಿದರೆ ನೀರು ಶುದ್ಧ’ ಎಂಬ ನಂಬಿಕೆ ತಲೆಯಿಂದ ಹೋಗದೆ ಮುಂದಿನ ಯಾವ ಮಾತೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ಅದು.

ಕಾರಿನ ಮೇಲೆ ಉಳಿಯುವ ಚುಕ್ಕೆ ಎಂದರೆ ನೀರು ಆವಿಯಾಗಿ ಹೋದ ಮೇಲೆ ಅದರಲ್ಲಿ ಕರಗಿದ್ದ ಲವಣ. ನೀರು ಹಾರುತ್ತದೆ, ಲವಣ ಹಾರುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಕರಗಿದೆ ಎಂಬ ಲೆಕ್ಕವೇ ಟಿಡಿಎಸ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಟಿಡಿಎಸ್ 500 ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಅಂದರೆ ಕುಡಿಯಲು ಏನೂ ತೊಂದರೆ ಇಲ್ಲದ ನೀರೂ ಕಾರಿನ ಮೇಲೆ ಧಾರಾಳವಾಗಿ ಕಲೆ ಬಿಡಬಹುದು. ನಿಮ್ಮ ಬೋರ್ ನೀರು 800 ಇದೆ ಎಂದಿಟ್ಟುಕೊಳ್ಳಿ. ತೊಳೆದ ಮೇಲೆ ಕಾರಿನ ಮೈಗೆ ಅರ್ಧ ಲೀಟರ್ ನೀರು ಅಂಟಿಕೊಂಡು ಉಳಿದು ಒಣಗಿದರೆ, ಹೆಚ್ಚುಕಡಿಮೆ 0.4 ಗ್ರಾಂ ಬಿಳಿ ಪುಡಿಯನ್ನು ನೀವೇ ಕೈಯಾರೆ ಚುಕ್ಕೆ ಚುಕ್ಕೆಯಾಗಿ ಎರಚಿದ ಹಾಗಾಯಿತು.

ಈಗ ಸಾಫ್ಟನರ್ ಏನು ಮಾಡುತ್ತದೆ ನೋಡಿ. ಅದರ ಸಿಲಿಂಡರಿನಲ್ಲಿ ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳಿರುತ್ತವೆ, ಮಣಿಗಳ ಮೈಮೇಲೆ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹರಿದಾಗ ರೆಸಿನ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ನೂರರ ಒಂದು ನೋಟು ತೆಗೆದುಕೊಂಡು ಐವತ್ತರ ಎರಡು ನೋಟು ಕೊಟ್ಟ ಹಾಗೆ: ಒಂದು ಕ್ಯಾಲ್ಸಿಯಂಗೆ ಎರಡು ಸೋಡಿಯಂ. ಮೊತ್ತ ಅಷ್ಟೇ ಇರುತ್ತದೆ, ತೂಕ ಸ್ವಲ್ಪ ಹೆಚ್ಚೇ ಆಗುತ್ತದೆ. 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬರುತ್ತದೆ; ಮೆಗ್ನೀಷಿಯಂ ಆದರೆ 24 ಗ್ರಾಂ ಹೋಗಿ ಅದೇ 46 ಬರುತ್ತದೆ. ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್‌ಗಳನ್ನು ಸಾಫ್ಟನರ್ ಮುಟ್ಟುವುದೇ ಇಲ್ಲ. ಏನನ್ನೂ ತೆಗೆದುಹಾಕದೆ ಅದಲು ಬದಲು ಮಾಡುವ ಯಂತ್ರದಿಂದ ಕಲೆ ಕಡಿಮೆಯಾಗುವುದು ಹೇಗೆ?

ಈ ತಪ್ಪು ಕಲ್ಪನೆ ಗಟ್ಟಿಯಾಗಿ ಬೇರು ಬಿಡುವುದು ಮಾರಾಟದ ದಿನವೇ. ಬಂದವರು ಎರಡು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ತಲಾ ನಾಲ್ಕು ಹನಿ ಔಷಧಿ ಹಾಕುತ್ತಾರೆ. ಬೋರ್ ನೀರು ಕೆಂಪಾಗುತ್ತದೆ, ಸಾಫ್ಟನರ್ ನೀರು ನೀಲಿಯಾಗುತ್ತದೆ. ನೋಡಿದವರಿಗೆ ನೀಲಿ ಎಂದರೆ ಶುದ್ಧ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಆ ಬಣ್ಣ ಹೇಳುವುದು ಕ್ಯಾಲ್ಸಿಯಂ, ಮೆಗ್ನೀಷಿಯಂ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಸೋಡಿಯಂ ಎಷ್ಟಿದ್ದರೂ ಅದು ನೀಲಿಯೇ. ಸೋಪಿನ ನೊರೆ ತೋರಿಸುವ ಪ್ರದರ್ಶನವೂ ಇಷ್ಟೇ: ನೊರೆ ಬರಲು ಗಡಸುತನ ಹೋದರೆ ಸಾಕು, ಲವಣ ಹೋಗಬೇಕಿಲ್ಲ. ಅವರು ತೋರಿಸಿದ್ದು ಸುಳ್ಳಲ್ಲ. ಗೀಸರ್ ಕಾಯಿಲ್, ವಾಷಿಂಗ್ ಮಷೀನ್, ಷವರ್ ತೂತುಗಳಿಗೆ ಸಾಫ್ಟನರ್ ನಿಜಕ್ಕೂ ಒಳ್ಳೆಯದು. ಕಾರಿನ ಬಣ್ಣದ ಲೆಕ್ಕವೇ ಬೇರೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಆನ್‌ಲೈನಿನಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ತಂದು ಸಾಫ್ಟನರ್‌ಗೆ ಮುಂಚಿನ ನೀರು, ನಂತರದ ನೀರು ಎರಡನ್ನೂ ಅಳೆಯಿರಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ಆಮೇಲೆ ಒಂದು ಕಪ್ಪು ತಟ್ಟೆಯ ಮೇಲೆ ಬೋರ್ ನೀರು, ಸಾಫ್ಟನರ್ ನೀರು, ಅಡುಗೆಮನೆಯ ಆರ್‌ಒ ನೀರು, ಬ್ಯಾಟರಿ ನೀರು (ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಒಂದೊಂದು ಹನಿ ಬಿಟ್ಟು ಬಿಸಿಲಿಗಿಡಿ. ಒಣಗಿದ ಮೇಲೆ ಮೊದಲ ಎರಡರ ಗುರುತು ಕಣ್ಣಿಗೆ ಹೊಡೆಯುವಂತಿರುತ್ತದೆ.

ಅವೆರಡರ ನಡುವೆ ಒಂದು ವ್ಯತ್ಯಾಸ ಮಾತ್ರ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಸಾಫ್ಟನರ್ ನೀರಿನ ಕಲೆ ಸೋಡಿಯಂ ಲವಣದ್ದು, ಮತ್ತೆ ನೀರಿನಲ್ಲಿ ಕರಗಿ ಹೋಗುತ್ತದೆ. ಬೋರ್ ನೀರಿನ ಕಲೆಯಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಣಗಿ ಕಾರ್ಬೊನೇಟ್ ಆಗಿರುತ್ತದೆ, ಅಂದರೆ ಸುಣ್ಣದಕಲ್ಲಿನ ಜಾತಿ; ಅದು ಬರೀ ನೀರಿಗೆ ಜಗ್ಗುವುದಿಲ್ಲ. ಆದ್ದರಿಂದ ಸಾಫ್ಟನರ್ ಇದ್ದರೆ ಕಲೆ ತೆಗೆಯುವುದು ಸುಲಭ. ಕಲೆ ಬೀಳುವುದು ತಪ್ಪುವುದಿಲ್ಲ.

ಇನ್ನು ಆರ್‌ಒ. ಆರ್‌ಒ ಪೊರೆ ಲವಣದ 90ರಿಂದ 95 ಶೇಕಡಾ ತಡೆಯುತ್ತದೆ. ಲೆಕ್ಕದ ಪ್ರಕಾರ 800ರ ನೀರು 40–80ಕ್ಕೆ ಇಳಿಯಬೇಕು. ಆದರೆ ಮನೆಯ ಮಷೀನಿನಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಪೊರೆ ದಾಟದ ನೀರನ್ನು ಸ್ವಲ್ಪ ಬೆರೆಸುವುದೇ ಅದರ ಕೆಲಸ. ಅದು ತೆರೆದಿದ್ದರೆ ನಲ್ಲಿಯಲ್ಲಿ 120–150 ಬಂದರೂ ಆಶ್ಚರ್ಯವಿಲ್ಲ. ‘ಆರ್‌ಒ ನೀರಲ್ಲೇ ತೊಳೆದೆ, ಆದರೂ ಕಲೆ’ ಎನ್ನುವವರು ಮೊದಲು ಅಳೆದು ನೋಡಿ. 10ರ ಒಳಗಿನ ನೀರಾದರೆ ಕಪ್ಪು ಬಣ್ಣದ ಮೇಲೆ ಒರೆಸದೆ ಬಿಟ್ಟರೂ ನಡೆಯುತ್ತದೆ. 30–50 ಇದ್ದರೆ ಬಿಳಿ, ಬೆಳ್ಳಿ ಬಣ್ಣಕ್ಕೆ ಸಾಕು. ಕಪ್ಪು, ಕಡುನೀಲಿಗೆ ಒಮ್ಮೆ ಹಗುರವಾಗಿ ಒರೆಸಬೇಕು.

ಇದಕ್ಕೇ ಅಂಟಿಕೊಂಡ ಇನ್ನೊಂದು ಅಭ್ಯಾಸ ಆರ್‌ಒ ಮಷೀನಿನ ವೇಸ್ಟ್ ನೀರನ್ನು ಬಕೆಟ್ಟಿಗೆ ಹಿಡಿದು ಕಾರು ತೊಳೆಯುವುದು. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಪೊರೆ ತಡೆದ ಲವಣವೆಲ್ಲ ಹೋಗಿ ಸೇರಿರುವುದು ಅದೇ ನೀರಿನಲ್ಲಿ. ನಾಲ್ಕು ಲೀಟರ್‌ಗೆ ಒಂದು ಲೀಟರ್ ಒಳ್ಳೆಯ ನೀರು ಕೊಡುವ ಮಷೀನಿನಲ್ಲಿ 800ರ ಬೋರ್ ನೀರು ವೇಸ್ಟ್ ಪೈಪಿನಲ್ಲಿ 1,050ರಷ್ಟಾಗಿ ಬರುತ್ತದೆ. ಅದನ್ನು ಟೈರಿಗೆ, ಮಡ್‌ಗಾರ್ಡಿನ ಒಳಮೈಗೆ, ಪೋರ್ಟಿಕೋ ನೆಲಕ್ಕೆ ಹಾಕಿ. ಬಣ್ಣಕ್ಕೆ, ಗಾಜಿಗೆ ಬೇಡ.

ಹಾಗಾದರೆ ಒಳ್ಳೆಯ ನೀರು ಎಲ್ಲಿಂದ? ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಣಿದು ಬಂದದ್ದು. ಲವಣ ಇಲ್ಲವೆನ್ನುವಷ್ಟು ಕಡಿಮೆ. ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ಓಡಿದ ಎಸಿ ಬೆಳಗಿಗೆ ಅರ್ಧ ಬಕೆಟ್ಟಿಗೂ ಹೆಚ್ಚು ಕೊಡುತ್ತದೆ. ಕಾಯಿಲ್ ಮೇಲಿನ ಧೂಳು, ಲೋಳೆ ಬರುವುದರಿಂದ ಬಿಳಿ ಪಂಚೆಯ ಬಟ್ಟೆಯಲ್ಲಿ ಸೋಸಿ, ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಮಳೆನೀರೂ ಇಷ್ಟೇ ಒಳ್ಳೆಯದು, ಮೊದಲ ಮಳೆ ತಾರಸಿ ತೊಳೆದು ಹೋದ ಮೇಲೆ ಹಿಡಿದದ್ದಾದರೆ. ಸಿಮೆಂಟ್ ಸಂಪಿನಲ್ಲಿ ತಿಂಗಳುಗಟ್ಟಲೆ ನಿಂತ ಮಳೆನೀರನ್ನು ಮಾತ್ರ ಅಳೆಯದೆ ನಂಬಬೇಡಿ, ಸಿಮೆಂಟಿನಿಂದ ಸುಣ್ಣದಂಶ ಕರಗಿರುತ್ತದೆ. ಮಲೆನಾಡು, ಕರಾವಳಿಯ ಮುರಕಲ್ಲು ನೆಲದ ತೆರೆದ ಬಾವಿ ಇರುವವರಿಗೆ ಈ ತಲೆನೋವೇ ಕಡಿಮೆ. ಏನೂ ಇಲ್ಲದಿದ್ದರೆ ಬ್ಯಾಟರಿ ನೀರಿನ ಐದು ಲೀಟರ್ ಕ್ಯಾನ್ ಎರಡು ಸಾಕು.

ಬೆಂಗಳೂರಿನವರು ಒಂದು ವಿಷಯ ನೆನಪಿಡಿ. 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ, ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ದಂಡ 5,000 ರೂಪಾಯಿ. ಕಾವೇರಿ ನೀರಲ್ಲಿ ಕಲೆ ಕಡಿಮೆ ಎಂದು ಅದನ್ನೇ ಪೈಪಿನಲ್ಲಿ ಬಿಡುವುದು ದಾರಿಯಲ್ಲ.

ಡಿಐ (ಡಿಅಯಾನೈಸಿಂಗ್) ಫಿಲ್ಟರ್ ಬಗ್ಗೆ ಕೇಳುವವರಿಗೆ: ಅದು ಸಾಫ್ಟನರ್ ಅಲ್ಲ. ಅದರಲ್ಲಿ ಎರಡು ಬಗೆಯ ರೆಸಿನ್ ಬೆರೆತಿರುತ್ತವೆ, ಒಂದು ಬಗೆ ಸೋಡಿಯಂ, ಕ್ಯಾಲ್ಸಿಯಂಗಳನ್ನು, ಇನ್ನೊಂದು ಕ್ಲೋರೈಡ್, ಸಲ್ಫೇಟ್‌ಗಳನ್ನು, ಹೀಗೆ ಲವಣದ ಎರಡೂ ಭಾಗ ಹಿಡಿದು ಬರೀ ನೀರನ್ನು ಬಿಡುತ್ತವೆ. ಮೀಟರ್ ಸೊನ್ನೆ ತೋರಿಸುತ್ತದೆ. ಆದರೆ ಒಂದು ಲೀಟರ್ ರೆಸಿನ್ ಹಿಡಿಯುವುದು ಸುಮಾರು 25–28 ಗ್ರಾಂ ಲವಣ ಅಷ್ಟೇ. 800ರ ಬೋರ್ ನೀರನ್ನು ನೇರವಾಗಿ ಬಿಟ್ಟರೆ 30–35 ಲೀಟರಿಗೆ ಖಾಲಿ. ಮೊದಲು ಆರ್‌ಒ ದಾಟಿಸಿ 40ರ ನೀರು ಬಿಟ್ಟರೆ ಅದೇ ರೆಸಿನ್ 600 ಲೀಟರ್ ದಾಟುತ್ತದೆ. ದುಡ್ಡು ಹಾಕುವ ಮುಂಚೆ ಈ ಲೆಕ್ಕ ಮಾಡಿ. ಮುಗಿದ ರೆಸಿನ್‌ಗೆ ಸಾಫ್ಟನರ್ ರೂಢಿಯಂತೆ ಉಪ್ಪು ನೀರು ಹಾಕಿದರೆ ಅದು ಚೇತರಿಸಿಕೊಳ್ಳುವುದಿಲ್ಲ. ಮೀಟರ್ 10 ದಾಟುವ ಮುಂಚೆಯೇ ಬದಲಿಸಿ. ರೆಸಿನ್ ಸೋಲುತ್ತಿರುವಾಗ ಮೊದಲು ನುಸುಳುವುದು ಸಿಲಿಕಾ (ನೀರಿನಲ್ಲಿ ಕರಗಿದ ಮರಳಿನ ಅಂಶ), ಅದನ್ನು ಟಿಡಿಎಸ್ ಪೆನ್ನು ಕಾಣುವುದಿಲ್ಲ, ಅದರ ಕಲೆಗೆ ವಿನೆಗರ್ ಸಹ ನಾಟುವುದಿಲ್ಲ.

ತೊಳೆಯುವ ಕ್ರಮ ಹೀಗಿರಲಿ. ಬೆಳಿಗ್ಗೆ ಬೇಗ, ನೆರಳಿನಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ. ಧೂಳು ಇಳಿಯಲು, ಶಾಂಪೂ ಹಚ್ಚಲು, ನೊರೆ ತೆಗೆಯಲು ಬೋರ್ ನೀರೇ ಆದೀತು, ಸಾಫ್ಟನರ್ ಇದ್ದರೆ ಇನ್ನೂ ಒಳ್ಳೆಯದು, ನೊರೆ ಚೆನ್ನಾಗಿ ಬರುತ್ತದೆ. ಮೇಲಿನಿಂದ ಕೆಳಗೆ ಒಂದೊಂದೇ ಭಾಗ ಮಾಡಿ, ಯಾವುದೂ ಒಣಗಬಾರದು. ನೊರೆ ಹೋದ ಮೇಲೆ ಪೈಪಿನ ತುದಿಯ ನಾಜಲ್ ಕಳಚಿ, ಕಡಿಮೆ ರಭಸದಲ್ಲಿ ಕಾರಿನ ಟಾಪಿನಿಂದ, ಅಂದರೆ ಮೇಲ್ಛಾವಣಿಯಿಂದ, ನೀರು ಹರಿಯಬಿಡಿ. ಸಿಂಪಡಿಸಿದರೆ ಹನಿ ಕೂರುತ್ತದೆ. ಹರಿಯಬಿಟ್ಟರೆ ನೀರು ಹಾಳೆಯಂತೆ ಜಾರಿ ಹೋಗುತ್ತದೆ, ಉಳಿಯುವುದು ಕಡಿಮೆ. ಬಾಗಿಲು, ಡಿಕ್ಕಿ, ಪೆಟ್ರೋಲ್ ಮುಚ್ಚಳ ತೆರೆದು ಸಂದಿಯ ನೀರು ಒರೆಸಿ. ಕನ್ನಡಿಯ ಒಳಗೆ, ಹಿಡಿಕೆಯ ಹಿಂದೆ, ನಂಬರ್ ಪ್ಲೇಟಿನ ಸಂದಿಯಲ್ಲಿ ನಿಂತ ಬೋರ್ ನೀರು ಅರ್ಧ ಗಂಟೆ ಬಿಟ್ಟು ಸೋರಿ ಗೆರೆ ಬಿಡುವುದನ್ನೇ ಎಷ್ಟೋ ಜನ ‘ಶುದ್ಧ ನೀರಿಂದಲೂ ಕಲೆ’ ಎಂದು ತಿಳಿಯುತ್ತಾರೆ.

ಆಮೇಲೆ ಹತ್ತು ಲೀಟರ್ ಶುದ್ಧ ನೀರು. ಗಿಡಕ್ಕೆ ನೀರು ಹಾಕುವ ಕ್ಯಾನ್ ಅಥವಾ ಎರಡು ಲೀಟರಿನ ಕೈಪಂಪ್ ಸ್ಪ್ರೇಯರ್ ಸಾಕು. ಕಳೆನಾಶಕ, ಕೀಟನಾಶಕ ಹೊಡೆದದ್ದು ಮಾತ್ರ ಬೇಡ. ಟಾಪಿಗೆ ಎರಡು ಲೀಟರ್, ಬಾನೆಟ್ ಮತ್ತು ಮುಂದಿನ ಗಾಜಿಗೆ ಎರಡು, ಪಕ್ಕಗಳಿಗೆ ಎರಡೆರಡು, ಹಿಂಭಾಗಕ್ಕೆ ಎರಡು. ದೊಡ್ಡ ಗಾಡಿಗೆ ಹದಿನೈದು ಲೀಟರ್ ಬೇಕು. ಮೈಮೇಲಿರುವ ಬೋರ್ ನೀರನ್ನು ಇದು ತಳ್ಳಿ ಇಳಿಸಬೇಕು, ಹಾಗಾಗಿ ಮೊದಲಿನ ನೀರು ಒಣಗುವ ಮುಂಚೆಯೇ ಹಾಕಿ. ತೊಳೆದ ತಕ್ಷಣ ಒಳ್ಳೆಯ ಮೈಕ್ರೋಫೈಬರ್ ಟವೆಲಿನಲ್ಲಿ ಪೂರ್ತಿ ಒರೆಸುವ ವ್ಯವಧಾನ ಇರುವವರಿಗೆ ಈ ಹತ್ತು ಲೀಟರೂ ಬೇಕಿಲ್ಲ. ಹಳೆ ಬನಿಯನ್ ಬಟ್ಟೆಯಲ್ಲಿ ಉಜ್ಜುವುದಕ್ಕಿಂತ ಒರೆಸದೆ ಬಿಡುವುದು ಮೇಲು. ಕಪ್ಪು ಬಣ್ಣದ ಮೇಲೆ ಆ ಗೀರು ಬಿಸಿಲಿಗೆ ಜೇಡರ ಬಲೆಯಂತೆ ಕಾಣುತ್ತದೆ.

ಈಗಾಗಲೇ ಬಿದ್ದ ಕಲೆಗೆ ಬಿಳಿ ವಿನೆಗರ್ ಮತ್ತು ಶುದ್ಧ ನೀರು ಸಮಸಮ ಬೆರೆಸಿ, ನೆರಳಿನಲ್ಲಿ ಬಟ್ಟೆ ತೋಯಿಸಿ ಒಂದು ನಿಮಿಷ ಇಟ್ಟು ತೊಳೆಯಿರಿ. ಹುಣಸೆಹಣ್ಣು ಬೇಡ, ನಾರು ಮರಳು ಸೇರಿ ಗೀರುತ್ತದೆ. ವಿನೆಗರ್ ಹಾಕಿದ ಮೇಲೂ ಉಂಗುರದಂತೆ ಉಳಿದರೆ ಅದು ಸಿಲಿಕಾ ಇರಬಹುದು, ಇಲ್ಲವೇ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟೇ ಸವೆದಿರಬಹುದು. ಅದಕ್ಕೆ ಪಾಲಿಶ್ ಬೇಕು.

ಯಾರೂ ಕೇಳದ ಒಂದು ಮಾತು ಇಲ್ಲೇ ಹೇಳಬೇಕು. ಕಾರಿನ ಬಗ್ಗೆ ಇಷ್ಟು ಯೋಚಿಸುವವರೇ ತಾರಸಿಯ ಸೋಲಾರ್ ಪ್ಯಾನೆಲ್ ಮೇಲೆ ಅದೇ ಬೋರ್ ನೀರನ್ನು ಪೈಪ್ ಹಿಡಿದು ಬಿಟ್ಟು ಬರುತ್ತಾರೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮನೆಮನೆಯ ಪ್ಯಾನೆಲ್‌ಗಳು ಹೆಚ್ಚಿವೆ. ಅಲ್ಲಿ ಯಾರೂ ಒರೆಸುವುದಿಲ್ಲ, ದಿನವಿಡೀ ಬಿಸಿಲು ಬೀಳುತ್ತದೆ, ಸುಣ್ಣ ಗಾಜಿಗೆ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಪ್ಯಾನೆಲ್‌ಗಳ ಓರೆ ಕಡಿಮೆ, ಆದ್ದರಿಂದ ನೀರು ಕೆಳ ಅಂಚಿನ ಫ್ರೇಮಿಗೆ ತಡೆದು ನಿಂತು ಅಲ್ಲಿಯೇ ಕೆಸರಿನ, ಸುಣ್ಣದ ಪಟ್ಟಿ ಕಟ್ಟುತ್ತದೆ. ಸೆಲ್‌ಗಳು ಸರಪಳಿಯಂತೆ ಜೋಡಿಸಿರುವುದರಿಂದ ಒಂದು ಸಾಲು ಮಸುಕಾದರೆ ನಷ್ಟ ಆ ಸಾಲಿಗೇ ನಿಲ್ಲುವುದಿಲ್ಲ. ಸೂರ್ಯ ಏರುವ ಮುಂಚೆ, ಗಾಜು ತಣ್ಣಗಿರುವಾಗ ಮೆತ್ತನೆ ಬ್ರಷ್‌ನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಸ್ಟೀಲ್ ಜುಂಗು ಮುಟ್ಟಿಸಬೇಡಿ. ಶುದ್ಧ ನೀರು ಇಲ್ಲದಿದ್ದರೆ ಉದ್ದ ಕೋಲಿನ ರಬ್ಬರ್ ವೈಪರ್‌ನಿಂದ ಎಳೆದು, ಕೆಳ ಅಂಚಿನಲ್ಲಿ ನಿಂತ ನೀರನ್ನು ಕಡೆಯಲ್ಲಿ ಸ್ಪಂಜಿನಿಂದ ಹೀರಿ ತೆಗೆಯಿರಿ.