ಕಾಲುವೆಯ ದಂಡೆಯಲ್ಲಿ 19ನೇ ವಿಧಿ: ಒಂದು ಟಿಪ್ಪಣಿ

ಮಾತು, ಸಭೆ, ಸಂಘ, ಸಂಚಾರ, ವಾಸ, ವೃತ್ತಿ: ಸಂವಿಧಾನದ 19ನೇ ವಿಧಿಯ ಈ ಆರು ಸ್ವಾತಂತ್ರ್ಯಗಳು ಪರೀಕ್ಷೆಗೆ ಓದುವ ನಮಗೆಲ್ಲ ಬಾಯಿಪಾಠ. (ಮೊದಲು ಏಳಿದ್ದವು, ಆಸ್ತಿಯ ಹಕ್ಕನ್ನು 1978ರ 44ನೇ ತಿದ್ದುಪಡಿ ತೆಗೆಯಿತು.) 2ರಿಂದ 6ರವರೆಗಿನ ಖಂಡಗಳಲ್ಲಿ ‘ಯುಕ್ತ ನಿರ್ಬಂಧ’ಗಳಿವೆ, ಅಂದರೆ ಈ ಸ್ವಾತಂತ್ರ್ಯಗಳಿಗೆ ಕಾನೂನು ಹಾಕಬಹುದಾದ ನ್ಯಾಯವಾದ ಮಿತಿಗಳಿವೆ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ನನಗೆ ಆ ಪದ ಅರ್ಥವಾದದ್ದು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೋಡುತ್ತ.

ಮುನಿರಾಬಾದಿನಲ್ಲಿ ಹೊರಡುವ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನತ್ತ ಬರಬೇಕು. ಅಚ್ಚುಕಟ್ಟಿನ ಬಹುಭಾಗವನ್ನು ಯೋಜನೆಯಲ್ಲಿ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ‘ನನ್ನ ಹೊಲ, ನನಗೆ ಬೇಕಾದದ್ದು ಬೆಳೆಯುತ್ತೇನೆ’ ಎನ್ನುವುದು ಕೇಳಲು ನ್ಯಾಯವಾಗಿಯೇ ಇದೆ. ಮೇಲೆ ಗದ್ದೆಯ ಬದು ತುಂಬಿ ನೀರು ಹೊರಗೆ ಹರಿಯುವ ದಿನಗಳಲ್ಲೇ ಕೊನೆಯ ಭಾಗದ ಉಪಕಾಲುವೆಯಲ್ಲಿ ತೂಬಿನ ಮುಂದೆ ಮಣ್ಣು ಬಿರುಕು ಬಿಟ್ಟಿರುತ್ತದೆ. ಹತ್ತಿಗೆ ಒಂದೇ ಒಂದು ನೀರು ಬೇಕಿದ್ದ ಅಲ್ಲಿನ ರೈತನಿಗೂ ವೃತ್ತಿ ಸ್ವಾತಂತ್ರ್ಯವಿದೆ. ಅವನದನ್ನು ಕಸಿದದ್ದು ಯಾವ ಕಾನೂನೂ ಅಲ್ಲ.

ಪಠ್ಯಗಳಲ್ಲಿ ಸರ್ಕಾರ ಒಂದು ಕಡೆ, ವ್ಯಕ್ತಿ ಇನ್ನೊಂದು ಕಡೆ. ಕಾಲುವೆಯಲ್ಲಿ ಎರಡೂ ಕಡೆ ವ್ಯಕ್ತಿಗಳೇ ಇದ್ದಾರೆ. ಸರ್ಕಾರ ಕೈಕಟ್ಟಿ ಕುಳಿತರೆ ಅದು ತಟಸ್ಥವಾದಂತಲ್ಲ, ಮೇಲಿನವನ ಪರ ನಿಂತಂತೆ.

ಹಾಗೆಂದು ಸರ್ಕಾರ ಹಾಕಿದ ನಿರ್ಬಂಧವೆಲ್ಲ ಸರಿ ಎನ್ನಲಾಗದು. ಇದಕ್ಕೆ 1950ರ ಚಿಂತಾಮನ್ ರಾವ್ ಪ್ರಕರಣ ನೋಡಿ. ಕೃಷಿಯ ಹಂಗಾಮಿನಲ್ಲಿ ಕೂಲಿಯಾಳು ಸಿಗಲೆಂದು ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ನಿಷೇಧಿಸಲಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಹೊಲಕ್ಕೆ ಹೋಗಲಾಗದ ವೃದ್ಧೆಯರು, ಅಂಗವಿಕಲರು ಕೂಡ ಬೀಡಿ ಕಟ್ಟದಂತಾಯಿತು. ನಿರ್ಬಂಧ ಬೇಕಾದದ್ದಕ್ಕಿಂತ ಮಿತಿಮೀರಿದೆ ಎಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಈ ಅಳತೆಗೋಲನ್ನು ನಮ್ಮ ಕಾಲುವೆಗೆ ಹಚ್ಚಿ ನೋಡಿ. ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತಬಾರದೆಂದು ಕಾಲುವೆಯ ದಂಡೆಗೆ ನಿಷೇಧಾಜ್ಞೆ ಬರುವುದುಂಟು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ನೀರು ಬಿಟ್ಟ ದಿನಗಳಿಗೆ, ಪಂಪ್‌ಸೆಟ್ಟಿಗೆ ಮಾತ್ರ ಸೀಮಿತವಾದರೆ ಅದು ಯುಕ್ತ ಎಂದೇ ನನ್ನ ಅಭಿಪ್ರಾಯ. ಅದೇ ಆಜ್ಞೆಯನ್ನು ತೋರಿಸಿ, ನೀರು ಕೇಳಲು ರಸ್ತೆಗೆ ಬಂದ ಕೆಳಭಾಗದ ರೈತರ ಶಾಂತಿಯುತ ಸಭೆಯನ್ನು ಚದುರಿಸಿದರೆ ಖಂಡಿತ ಯುಕ್ತವಲ್ಲ. ಕಾಶ್ಮೀರದ ನಿರ್ಬಂಧಗಳ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2020ರ ಅನುರಾಧಾ ಭಾಸಿನ್ ತೀರ್ಪು ಹೇಳಿದ್ದೂ ಇದನ್ನೇ: ನ್ಯಾಯವಾದ ಅಸಮಾಧಾನವನ್ನು ಅದುಮಲು ಈ ಅಧಿಕಾರವನ್ನು ಬಳಸುವಂತಿಲ್ಲ.

ಅದೇ ತೀರ್ಪಿನ ಇನ್ನೊಂದು ಅಂಶವನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ. ಆದೇಶಕ್ಕೆ ಕಾರಣ ಕೊಡಬೇಕು, ಅದನ್ನು ಪ್ರಕಟಿಸಬೇಕು. ಪಂಪ್‌ಸೆಟ್ ಜಪ್ತಿಯಾದ ರೈತನೂ ನೀರು ಕಾಣದ ರೈತನೂ ಅದೇ ಹಾಳೆಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಹುದು.